ನೋಡದೆ ಬಿಟ್ಟ ಎಲೆಗಳು

ಹತ್ತನೆಯ ದಿನ ಕಾಗೆ ಪಿಂಡವನ್ನು ಮುಟ್ಟಲಿಲ್ಲ.

ಮಂಜಗುಣಿಯಲ್ಲಿ ಗಂಗಾವಳಿ ಸಮುದ್ರ ಸೇರುವ ಮೊದಲು ಅಗಲವಾಗುವ ಕಡೆ, ದಂಡೆಯ ಮೇಲೆ ಬಾಳೆಲೆ ಹಾಸಿ ನನ್ನ ತಮ್ಮ ರಾಮನಾಥನ ಹೆಸರಿನಲ್ಲಿ ಪಿಂಡ ಇಟ್ಟಿದ್ದರು. ಅಲ್ಲಿ ಕಾಗೆಗಳಿಗೆ ಬರವಿಲ್ಲ. ಮೀನು ಒಣಗಿಸುವ ಜಾಗ ಹತ್ತಿರದಲ್ಲೇ ಇದೆ. ಅವು ಎಳೆದಿಟ್ಟ ದೋಣಿಯ ಅಂಚಿನಲ್ಲಿ ಸಾಲಾಗಿ ಕೂತು, ಕತ್ತು ವಾರೆ ಮಾಡಿ ಎಲೆಯತ್ತ ನೋಡುತ್ತಿದ್ದವು. ಕೆಳಗೆ ಮಾತ್ರ ಇಳಿಯಲಿಲ್ಲ. ಬಿಸಿಲು ಏರಿ ಅನ್ನ ಒಣಗತೊಡಗಿತು.

“ಮನಸ್ಸಲ್ಲಿ ಎಂತದೋ ಉಳ್ಕಂಡದೆ,” ಎಂದರು ಭಟ್ಟರು. “ಮಾತು ಕೊಡಿ. ಆದ್ರೆ ಒಬ್ಬೊಬ್ರೇ ಕೊಡಿ. ಒಬ್ರು ಹೇಳಿ, ಸ್ವಲ್ಪ ಕಾದು ನೋಡಿ, ಆಮೇಲೆ ಮತ್ತೊಬ್ರು. ಎಲ್ಲರೂ ಒಟ್ಟಿಗೇ ಹೇಳಿದ್ರೆ ಅಂವ ಯಾವ್ದಕ್ಕೆ ಒಪ್ದ ಅಂತ ಗುತ್ತಾಗುದಿಲ್ಲ.”

ನಮ್ಮ ತಾಯಿ, ಆಯಿ, ಮೊದಲು ಹೇಳಿದಳು. “ಮಗಾ, ಮನಿಷಾನ ನಾ ಮಗಳ ಹಾಂಗೆ ನೋಡ್ಕಳ್ತೆ.” ಕಾಗೆ ಬರಲಿಲ್ಲ. ಅವನು ಕಟ್ಟಿಸಬೇಕೆಂದಿದ್ದ ಬಾವಿಕಟ್ಟೆಯನ್ನು ತಾನು ಕಟ್ಟಿಸುವುದಾಗಿ ಚಿಕ್ಕಪ್ಪ ಹೇಳಿದ. ಒಂದು ಕಾಗೆ ಎದ್ದು ಹಾರಿಯೇ ಹೋಯಿತು. ಕ್ರಿಯೆಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಅಷ್ಟು ದೂರ ನಿಂತಿದ್ದ ಹುಲಿಯಾ ನನ್ನ ಹತ್ತಿರ ಬಂದ. ಕದ್ವಾಡದಲ್ಲಿ ಟಯರ್ ಅಂಗಡಿ ಇಟ್ಟವನು, ತಮ್ಮನ ಗೆಳೆಯ. “ಬಾಯೋರೇ, ಹೇಳೂದೋ ಬ್ಯಾಡ್ವೋ ಗುತ್ತಿಲ್ಲ. ಬರೂ ಆಯ್ತವಾರ ನಮ್ಮ ಪೋಕರ್ ಪಂದ್ಯ ಅದೆ. ರಾಮು ಹೆಸ್ರು ಕೊಟ್ಟಾಗಿತ್ತು. ‘ಈ ಸಲ ನಾ ಮೊದಲು ಏಳೂದಿಲ್ಲ, ನೋಡು’ ಅಂದಿದ್ದ.”

ಪ್ರತಿ ಪಂದ್ಯದಲ್ಲೂ ಮೊದಲು ಸೋತು ಏಳುವವನು ನನ್ನ ತಮ್ಮನೇ. ಅದು ಮನೆಯಲ್ಲಿ ನಗೆಯ ವಿಷಯವಾಗಿತ್ತು. ನಾನು ಎಲೆಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದೆ: “ರಾಮೂ, ನಿನ್ನ ಕುರ್ಚೀಲಿ ನಾ ಕೂತ್ಕಳ್ತೆ. ಮೊದಲು ಏಳೂದಿಲ್ಲ.”

ಮಾತು ಮುಗಿಯುವಷ್ಟರಲ್ಲಿ ಕಾಗೆ ಇಳಿದು ಅನ್ನ ಕಚ್ಚಿಕೊಂಡು ಹೋಯಿತು. ಆಯಿ ಜೋರಾಗಿ ಅತ್ತಳು. ಎಲ್ಲರೂ ಕೈ ಮುಗಿದರು. ನಾನು ಯಾವಾಗಲೂ ಎಲ್ಲರ ಮುಖ ನೋಡುವವಳು, ಆಗಲೂ ನೋಡಿದೆ. ಎಲೆಯ ಆಚೆ ಬದಿಗೆ ಕೂತಿದ್ದ ಮನಿಷಾ, ರಾಮನಾಥನ ಹೆಂಡತಿ, ಕಣ್ಣು ಮುಚ್ಚಿದ್ದಳು. ಅವಳ ತುಟಿಗಳು ಆಗಷ್ಟೇ ಅಲ್ಲಾಡಿ ನಿಂತ ಹಾಗಿತ್ತು.

ಕಾರವಾರದಲ್ಲಿ ನಾವು ಮೂವರೂ ಒಂದೇ ಮನೆಯಲ್ಲಿದ್ದೆವು: ತಮ್ಮ, ಅವನ ಹೆಂಡತಿ, ನಾನು. ಅವನು ಬಂದರಿನ ಒಂದು ಏಜೆಂಟರ ಕಚೇರಿಯಲ್ಲಿ ಕೆಲಸಕ್ಕಿದ್ದ. ಆ ವರ್ಷ, ಅಂದರೆ ೨೦೦೯ರಲ್ಲಿ, ಮನೆಗೆ ಇಂಟರ್‌ನೆಟ್ ಬಂದಿತ್ತು. ರಜೆಯ ಸಂಜೆ ಅವನು ಕಂಪ್ಯೂಟರಿನಲ್ಲಿ ಪೋಕರ್ ಆಡುವಾಗ ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಆಟ ನನಗೆ ಬೇಗ ಅರ್ಥವಾಯಿತು. ಪ್ರತಿಯೊಬ್ಬನಿಗೂ ಮುಚ್ಚಿದ ಎರಡು ಇಸ್ಪೀಟ್ ಎಲೆ ಹಂಚುತ್ತಾರೆ. ನಡುವೆ ಐದು ಎಲೆಗಳು ಆಮೇಲೆ ಬಿಚ್ಚಿಕೊಳ್ಳುತ್ತವೆ. ಅವು ಕಾಣುವ ಮೊದಲೇ, ಕೈಯಲ್ಲಿರುವ ಆ ಎರಡನ್ನೇ ನೋಡಿ, ಆಡುವುದೋ ಬಿಡುವುದೋ ಹೇಳಬೇಕು. ಎಲ್ಲರಿಗೂ ಮೊದಲಿಗೆ ಒಂದೇ ಸಮ ಪಣದ ಬಿಲ್ಲೆಗಳು. ಬಿಲ್ಲೆ ಮುಗಿದವನು ಏಳಬೇಕು. ಬಿಡುತ್ತಲೇ ಕೂರೋಣವೆಂದರೆ ಅದೂ ಆಗದು. ಸರದಿಯ ಮೇಲೆ ಒಬ್ಬೊಬ್ಬನೂ ಎಲೆ ನೋಡುವ ಮೊದಲೇ ಒಂದಿಷ್ಟು ಬಿಲ್ಲೆ ಇಡಬೇಕು. ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ಹೊತ್ತು ಹೋದಂತೆ ಅದು ಏರುತ್ತದೆ.

ನಾನು ವಿಮಾ ಕಚೇರಿಯಲ್ಲಿ ಅರ್ಜಿ ನೋಡುವವಳು. ಒಪ್ಪುವುದಕ್ಕಿಂತ ಬೇಡವೆನ್ನುವುದಕ್ಕೆ ನನಗೆ ಕಾರಣ ಬೇಗ ಸಿಗುತ್ತದೆ. “ಬಿಡು ರಾಮು, ಇದು ಬಿಡು,” ಎನ್ನುತ್ತಿದ್ದೆ. ಅವನು ಬಿಡುತ್ತಿರಲಿಲ್ಲ. ನಾಲ್ಕು ಬರಲಿ, ಎಂಟು ಬರಲಿ, ಆಡುತ್ತಿದ್ದ. “ಮನೆ ಬಾಗ್ಲಿಗೆ ಬಂದವ್ರನ್ನ ಒಳಗೆ ಕರೀದೆ ಕಳ್ಸೂದು ಹ್ಯಾಂಗೆ ಅಕ್ಕಾ?” ಎಂದು ನಗುತ್ತಿದ್ದ. ಹುಲಿಯಾನ ಅಂಗಡಿಯ ಮಾಳಿಗೆಯಲ್ಲಿ ಪಂದ್ಯವಾದಾಗ ಮೊದಲು ಎದ್ದು, ಆಮೇಲೆ ಮನೆಗೂ ಬರದೆ, ಉಳಿದವರ ಕುರ್ಚಿಗಳ ಹಿಂದೆ ಕೊನೆಯವರೆಗೂ ನಿಂತಿರುತ್ತಿದ್ದನಂತೆ. ಎದ್ದ ಮೇಲೂ ಮೇಜು ಬಿಡಲಾರದವನು.

ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದವನು ಹೊರಗೆ ಬರಲಿಲ್ಲ. ಬಾಗಿಲು ಒಡೆದಾಗ ತಲೆಗೂದಲು ಇನ್ನೂ ಒದ್ದೆಯಾಗಿಯೇ ಇತ್ತು.

ಪಂದ್ಯದ ದಿನ ನಾನು ಸೀರೆ ಉಟ್ಟು ಹೊರಡುವಾಗ ಮನಿಷಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

“ಅಕ್ಕಾ, ಒಂದು ಹೇಳ್ತೆ. ಸಿಟ್ಟು ಮಾಡ್ಬೇಡಿ.”

“ಎಂತದೇ?”

“ಅವತ್ತು ದಂಡೆ ಮೇಲೆ ನೀವು ಮಾತು ಕೊಡುವಾಗ ನಾನೂ ಕೊಟ್ಟೆ. ಮನಸ್ಸಲ್ಲೇ.”

ನನ್ನ ಕೈಯಲ್ಲಿದ್ದ ಪಿನ್ನು ಸೆರಗಿಗೆ ಹೋಗದೆ ಬೆರಳಿಗೆ ಚುಚ್ಚಿತು. “ಎಂತ ಹೇಳ್ದೆ?”

“ಇನ್ನು ನಮ್ಮ ಮನೆಯವ್ರು ಯಾರೂ ಆ ಎಲೆ ಮುಟ್ಟುದಿಲ್ಲ, ಆಡೂದಿಲ್ಲ, ನೀವು ನೆಮ್ಮದಿಯಿಂದ ಹೋಗಿ, ಅಂತ.”

“ನಾ ಹೇಳುಕಿಂತ ಮೊದಲಾ, ಆಮೇಲಾ?”

“ಒಟ್ಟಿಗೇ. ನೀವೆಂತ ಹೇಳ್ತಿದ್ರಿ ಅಂತ ಕೇಳ್ಲಿಲ್ಲ ನಂಗೆ.”

“ಭಟ್ರು ಒಬ್ಬೊಬ್ರೇ ಹೇಳಿ ಅಂದಿದ್ರಲ್ಲೇ!”

“ಬಾಯಿ ಬಿಟ್ಟು ಹೇಳೋರಿಗೆ ಅಂದ್ಕಂಡೆ. ಮನಸ್ಸಲ್ಲಿ ಹೇಳುಕೂ ಸರದಿ ಉಂಟು ಅಂತ ನಂಗೆಂತ ಗುತ್ತು?” ಎಂದವಳು ಅಳತೊಡಗಿದಳು.

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಕಾಗೆ ಬಂದದ್ದು ಒಂದೇ ಸಲ. ಮಾತುಗಳು ಎರಡು, ಒಂದಕ್ಕೊಂದು ವಿರುದ್ಧ. ಅವನು ನನ್ನ ಮಾತಿಗೆ ಒಪ್ಪಿದ್ದರೆ, ನಾನು ಹೋಗದಿದ್ದರೆ ಅವನು ಇಲ್ಲೇ ಉಳಿಯುತ್ತಾನೆ. ಅವಳ ಮಾತಿಗೆ ಒಪ್ಪಿದ್ದರೆ, ನಾನು ಹೋಗಿ ಆಡಿದರೆ ಉಳಿಯುತ್ತಾನೆ. ಯಾರನ್ನು ಕೇಳುವುದು? ಭಟ್ಟರಿಗೆ ಫೋನು ಮಾಡುವ ಯೋಚನೆಯೂ ಬಂತು. ಆಯಿಗೆ ತಿಳಿದರೆ ಅವಳು ಊಟ ಬಿಡುತ್ತಾಳೆಂದು ಸುಮ್ಮನಾದೆ.

“ಕೂತ್ಕಳ್ತೆ ಅಂದಿದ್ದೆ, ಆಡ್ತೆ ಅಂದಿಲ್ಲ,” ಎಂದೆ ಕೊನೆಗೆ. “ಕೂತ್ಕಳ್ತೆ. ಎಲೆ ಮುಟ್ಟುದಿಲ್ಲ. ನೋಡೂದೂ ಇಲ್ಲ. ಹುಲಿಯಾನೇ ಹಾಕ್ಲಿ, ಅಂವನೇ ತೆಗೀಲಿ.”

ಮನಿಷಾ ಮುಖ ತೊಳೆದು ಬಂದಳು. “ನಾನೂ ಬತ್ತೆ,” ಎಂದಳು. “ನಿಮ್ಮ ಕೈ ನಂಗೆ ಕಾಣೂ ಹಾಂಗೆ ಕೂತ್ಕಳ್ತೆ.”

ಮಾಳಿಗೆಯ ಕೋಣೆಗೆ ರಬ್ಬರಿನ ವಾಸನೆ ತುಂಬಿತ್ತು. ಕಿಟಕಿಯಿಂದ ಕಾಳಿ ನದಿ ಕಾಣುತ್ತಿತ್ತು. ಒಂಬತ್ತು ಮಂದಿಯ ಮೇಜು. ಗೋಡೆಯ ಬದಿಯ ಕುರ್ಚಿ ರಾಮನಾಥನದು. ಅದರ ಮುಂದೆ ಅವನ ಪಾಲಿನ ಬಿಲ್ಲೆಗಳನ್ನು ಆಗಲೇ ಜೋಡಿಸಿಟ್ಟಿದ್ದರು.

“ನೀವು ಬರದಿದ್ರೂ ಈ ಕುರ್ಚಿಗೆ ಎಲೆ ಹಾಕ್ತಿದ್ದೆ ಬಾಯೋರೇ,” ಎಂದ ಹುಲಿಯಾ. “ಹೆಸ್ರು ಕೊಟ್ಟವ್ರು ಬರದೆ ಹೋದ್ರೆ ಹಾಂಗೇ ಮಾಡೂದು. ಎಲೆ ಹಾಕೂದು, ಬ್ಲೈಂಡ್ ತೆಗ್ಯೂದು, ಎಲೆ ವಾಪಸ್ ಎಳ್ಕಳ್ಳೂದು. ಬಿಲ್ಲೆ ಮುಗಿಯೋವರೆಗೆ ಅಂವ ಆಟದಲ್ಲೇ ಇದ್ದ ಲೆಕ್ಕ.”

ನನ್ನ ಕರಾರು ಕೇಳಿ ಅವನು ತಲೆ ಕೆರೆದುಕೊಂಡ, ಒಪ್ಪಿದ. ಉಳಿದವರು ಮೊದಲು ಗೌರವಕ್ಕೆ ಸುಮ್ಮನಿದ್ದರು. ಆಟ ಬಿಸಿಯೇರಿದ ಮೇಲೆ ನಾಲಿಗೆ ಸಡಿಲವಾಯಿತು.

“ಬಾಯೋರೇ, ಇದು ಆಟವೋ ಮೌನವ್ರತವೋ?” ಎಂದ ಬೀರು. ಮರಳಿನ ದೋಣಿಯ ಕೆಲಸದವನು, ದೊಡ್ಡ ದನಿ.

“ಅವ್ರಿಗೆ ಎಂತ ಹೇಳ್ತಿ, ಅವ್ರೇ ಸರಿ,” ಎಂದ ಬ್ಯಾಂಕಿನ ಸತೀಶ. “ನೂರಕ್ಕೆ ಎಂಬತ್ತು ಸಲ ಬಿಡ್ಬೇಕು ಅಂತ ತಿಳಿದವ್ರು ಹೇಳ್ತಾರೆ. ಬಾಯೋರು ನೂರಕ್ಕೆ ನೂರೂ ಬಿಡ್ತಾರೆ. ತಿಳಿದವ್ರಿಗಿಂತ ಮುಂದೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿಟಕಿಯ ಬಳಿ ಕೂತ ಮನಿಷಾ ನಗಲಿಲ್ಲ. ನನ್ನ ಎರಡೂ ಕೈ ಮೇಜಿನ ಅಂಚಿನಲ್ಲಿದ್ದವು. ಎಲೆಗಳು ನನ್ನ ಮುಂದೆ ಬಂದು ಬೀಳುತ್ತಿದ್ದವು. ನನ್ನ ಸರದಿ ಬಂದಾಗ ಹುಲಿಯಾ ಅವನ್ನು ಮುಚ್ಚಿದಂತೆಯೇ ಎಳೆದುಕೊಳ್ಳುತ್ತಿದ್ದ. ಯಾರು ಬಾಗಿಲಿಗೆ ಬಂದಿದ್ದರು, ಯಾರು ಹಿಂದಿರುಗಿದರು, ತಿಳಿಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ನನ್ನ ಹಿಂದೆ ಯಾರೋ ನಿಂತಂತಾಯಿತು. ಕುರ್ಚಿಯ ಬೆನ್ನಿಗೆ ಭಾರ ಬಿದ್ದ ಹಾಗೆ. ಆಮೇಲೆ ಒದ್ದೆ ಕೂದಲಿನ ವಾಸನೆ, ಸೋಪಿನ ವಾಸನೆ, ರಬ್ಬರಿನ ನಡುವೆಯೂ ಸ್ಪಷ್ಟವಾಗಿ. ಸೋತವರು ಯಾರಾದರೂ ನಿಂತಿರಬಹುದು ಎಂದುಕೊಂಡೆ. ಆದರೆ ಇನ್ನೂ ಯಾರೂ ಸೋತಿರಲಿಲ್ಲ. ನಿಧಾನವಾಗಿ ಕೈ ಹಿಂದೆ ಮಾಡಿ ಮುಟ್ಟಿ ನೋಡಿದೆ. ಕುರ್ಚಿಯ ಬೆನ್ನು ಗೋಡೆಗೆ ತಾಗಿಕೊಂಡೇ ಇತ್ತು. ನಿಲ್ಲಲು ಅಲ್ಲಿ ಜಾಗವಿರಲಿಲ್ಲ.

ಮೊದಲು ಎದ್ದವನು ಬೀರು. ರಾಜ ಮತ್ತು ಮೂರು ಹಿಡಿದು ಇದ್ದ ಬಿಲ್ಲೆಯನ್ನೆಲ್ಲ ಮುಂದೆ ನೂಕಿದ್ದ.

“ಮೂರರ ಸಂಗಡ ಬಂದ ರಾಜನ್ನ ಬಿಡ್ಬೇಕು ಅಂತ ಎಷ್ಟು ಸಲ ಹೇಳೂದು ನಿಂಗೆ?” ಎಂದ ಸತೀಶ.

“ಬಾಗ್ಲಿಗೆ ಬಂದವ್ರನ್ನ ಹೊರಗೇ ಕಳ್ಸೂಕೆ ಆಗ್ತದಾ ಮಾರಾಯಾ?” ಎಂದ ಬೀರು. ಹೇಳಿದ ಮೇಲೆ ಅದು ರಾಮುವಿನ ಮಾತೆಂದು ಅವನಿಗೇ ಗೊತ್ತಾಯಿತು. ನನ್ನ ಕಡೆ ನೋಡಿದ. ಅವನು ಮನೆಗೆ ಹೋಗುತ್ತೇನೆಂದು ಹೇಳಿ, ಮೆಟ್ಟಿಲು ಇಳಿದುಬಿಟ್ಟ.

ಮನಿಷಾ ನನ್ನ ಹತ್ತಿರ ಬಂದು ಬಗ್ಗಿದಳು. “ಮೊದಲು ಏಳೂದಿಲ್ಲ ಅಂದಿದ್ರಿ. ಬೇರೆಯವ್ರು ಎದ್ರು. ಆಯ್ತಲ್ಲ ಅಕ್ಕಾ, ಬನ್ನಿ, ಹೋಗ್ವಾ.”

ಅವಳು ಹೇಳಿದ್ದು ಸರಿ. ನನ್ನ ಮಾತು ಮುಗಿದಿತ್ತು. ನಾನು ಏಳಲು ಹೋದೆ. ಆದರೆ ಹಿಂದಿನ ಭಾರ ಹಾಗೆಯೇ ಇತ್ತು. ಬಿಲ್ಲೆಗಳು ಇನ್ನೂ ಮುಂದೆ ಇದ್ದವು. ನಾನು ಹೋದರೂ ಹುಲಿಯಾ ಈ ಕುರ್ಚಿಗೆ ಎಲೆ ಹಾಕುತ್ತಲೇ ಇರುತ್ತಾನೆ. ರಾಮು ಒಬ್ಬನೇ ಇಲ್ಲಿ ಕೂರಬೇಕು.

“ಬಿಲ್ಲೆ ಮುಗೀಲಿ,” ಎಂದೆ. “ಹ್ಯಾಂಗೂ ಬ್ಲೈಂಡಲ್ಲೇ ಮುಗಿತದೆ.”

ಹಾಗೆ ಮುಗಿಯುತ್ತಲೂ ಬಂತು. ಊಟದ ಹೊತ್ತು ಕಳೆಯಿತು. ಒಬ್ಬೊಬ್ಬರೇ ಒಂದು ಎಲೆ ಹೆಚ್ಚು ನಂಬಿ ಎದ್ದರು. ಆಡದವಳು ನಾನು, ಉಳಿದೆ. ಮಧ್ಯಾಹ್ನ ಇಳಿಯುವಾಗ ಮೂವರಿದ್ದೆವು: ಸತೀಶ, ಬಿಣಗಾದ ಒಬ್ಬ ಕಂತ್ರಾಟುದಾರ, ಮತ್ತು ಈ ಕುರ್ಚಿ. ನನ್ನ ಮುಂದೆ ನಾಲ್ಕಾರು ಬಿಲ್ಲೆ. ಬ್ಲೈಂಡ್ ಅದಕ್ಕಿಂತ ದೊಡ್ಡದಾಗಿತ್ತು. ಹುಲಿಯಾ ಅಷ್ಟನ್ನೂ ನಡುವೆ ಸರಿಸಿದ.

“ಬಾಯೋರೇ, ಇದು ಪೂರ್ತಿ ಒಳಗೆ ಹೋಯ್ತು. ಇನ್ನು ಬಿಡೂಕೆ ಬರೂದಿಲ್ಲ. ಕೊನೆಗೆ ನಾನೇ ನಿಮ್ಮ ಎಲೆ ಬಿಚ್ಚಿ ಇಡ್ತೆ. ನೀವು ಮುಟ್ಟೂದು ಬ್ಯಾಡ.”

ಸರಿ ಎಂದೆ. ನನಗೆ ಹಗುರಾಯಿತು. ನಿರ್ಧಾರವೇ ಇಲ್ಲ, ಮುಗಿಯುತ್ತದೆ, ಏಳುತ್ತೇವೆ.

ಅವನು ಬಿಚ್ಚಿದ. ಎರಡು ಮತ್ತು ಏಳು, ಬೇರೆ ಬೇರೆ ಬಣ್ಣ. ಈ ಆಟದಲ್ಲಿ ಅದಕ್ಕಿಂತ ಕೆಟ್ಟ ಜೋಡಿ ಇಲ್ಲ. ಸತೀಶನ ಬಳಿ ಎರಡು ರಾಣಿಯರಿದ್ದರು. ನಡುವೆ ಬಿದ್ದ ಐದು ಎಲೆಗಳಲ್ಲಿ ಎರಡು ಏಳು. ನನ್ನದೂ ಸೇರಿ ಮೂರು ಏಳು, ರಾಣಿಯರ ಜೋಡಿಗಿಂತ ಮೇಲು.

“ಓಹೋ!” ಎಂದು ಕಂತ್ರಾಟುದಾರ ನಕ್ಕ. “ಆಡದವ್ರೇ ಗೆದ್ರು!”

ಬಿಲ್ಲೆಗಳು ನನ್ನ ಮುಂದೆ ವಾಪಸು ಬಂದವು, ಮೂರು ಪಟ್ಟಾಗಿ. ನನ್ನ ಕುತ್ತಿಗೆಯ ಮೇಲೆ ಒಂದು ಹನಿ ಬಿದ್ದಂತಾಯಿತು. ಒರೆಸಿಕೊಂಡೆ. ಕೈ ಒಣಗಿಯೇ ಇತ್ತು.

ಮುಂದಿನ ಸುತ್ತುಗಳಲ್ಲಿ ಹುಲಿಯಾ ನನ್ನ ಎಲೆ ಎಳೆದುಕೊಂಡ. ಬ್ಲೈಂಡ್ ಮತ್ತೆ ಏರಿ, ಮತ್ತೆ ನನ್ನ ಸರದಿ ಬಂದು, ಇದ್ದದ್ದೆಲ್ಲ ಮತ್ತೆ ತಾನಾಗಿ ಒಳಗೆ ಹೋಯಿತು. ಕಂತ್ರಾಟುದಾರನೂ ತನ್ನ ಉಳಿದ ಬಿಲ್ಲೆಗಳನ್ನೆಲ್ಲ ನೂಕಿದ. ಅವನ ಬಳಿ ಎಕ್ಕ, ರಾಜ. ನನ್ನವು ನಾಲ್ಕು ಮತ್ತು ಒಂಬತ್ತು. ಕೊನೆಯ ಎಲೆಯವರೆಗೂ ಅವನೇ ಮುಂದಿದ್ದ. ಕೊನೆಯ ಎಲೆ ನಾಲ್ಕು, ನನ್ನ ನಾಲ್ಕಕ್ಕೆ ಜೋಡಿಯಾಯಿತು.

ಕಂತ್ರಾಟುದಾರ ಕುರ್ಚಿ ಹಿಂದೆ ಸರಿಸಿ ಎದ್ದ. ನನ್ನನ್ನಲ್ಲ, ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತಿದ್ದ. “ಇದು ಬಾಯೋರ ಆಟ ಅಲ್ಲ ಹುಲಿಯಾ,” ಎಂದ. “ಮಾಳಿಗೆಗೆ ಒಂದು ಪೂಜೆ ಮಾಡ್ಸು.” ಚಪ್ಪಲಿ ಕೈಯಲ್ಲೇ ಹಿಡಿದು ಇಳಿದುಹೋದ.

ಈಗ ಸತೀಶ ಮತ್ತು ಈ ಕುರ್ಚಿ. ಹುಲಿಯಾ ಹಂಚುವಾಗ ಒಂದು ಎಲೆ ನೆಲಕ್ಕೆ ಬಿದ್ದು, ಎಲ್ಲವನ್ನೂ ಮತ್ತೆ ಕಲಸಿ ಹಂಚಿದ. ನನ್ನ ಮುಂದೆ ಎರಡು ಎಲೆ, ಬಿಲ್ಲೆಗಳ ದೊಡ್ಡ ರಾಶಿ. ಮೊದಲ ಮಾತು ನನ್ನದೇ ಇತ್ತು.

“ಬಾಯೋರೇ,” ಎಂದ ಸತೀಶ. ಅವನ ದನಿಯಲ್ಲಿ ಈಗ ಪಾಠ ಹೇಳುವ ಧಾಟಿ ಇರಲಿಲ್ಲ. “ನೀವೇ ನೋಡಿ ಆಡಿ. ನೋಡದೆ ಆಡ್ಬ್ಯಾಡಿ. ನಂಗೆ ಹೆದ್ರಿಕೆ ಆಗ್ತದೆ.”

ನಾನು ಎಲೆಗಳನ್ನು ನೋಡಿದೆ. ಬೆನ್ನಿನ ಕಡೆಯಷ್ಟೇ ಕಾಣುತ್ತಿತ್ತು, ನೀಲಿ ಬಳ್ಳಿಯ ಚಿತ್ತಾರ. ಇಡೀ ದಿನದಲ್ಲಿ ಮೊದಲ ಬಾರಿ ಅವನ್ನು ಎತ್ತಿ ನೋಡಬೇಕೆನಿಸಿತು. ಬರೀ ಆಸೆಯಲ್ಲ, ಹಸಿವಿನ ಹಾಗೆ. ಇನ್ನೊಂದೇ ಆಟ, ಗೆದ್ದರೆ ರಾಮು ಕೊನೆಯವರೆಗೆ ಕೂತವನಾಗುತ್ತಾನೆ. ನನ್ನ ಬಲಗೈ ಮೇಜಿನ ಅಂಚು ಬಿಟ್ಟು ಮುಂದೆ ಹೋಗಿತ್ತು. ಅದನ್ನು ನಾನು ಕಳಿಸಿರಲಿಲ್ಲ.

“ಅಕ್ಕಾ!” ಎಂದಳು ಮನಿಷಾ.

ಕೈ ನಿಂತಿತು. ಬೆರಳಿಗೂ ಎಲೆಗೂ ಒಂದು ಅಕ್ಕಿಕಾಳಿನಷ್ಟು ಅಂತರ. ಆಗ ನಾನು, ಹೆದರುವವಳು, ಹೆದರಿಕೆಯಲ್ಲೇ ಲೆಕ್ಕ ಹಾಕಿದೆ. ಆಡಿದರೆ ಅವನು ಗೆಲ್ಲುತ್ತಾನೆ, ಅದು ಅವನನ್ನು ಮೇಜಿಗೆ ಕಟ್ಟುತ್ತದೆ. ಬಿಟ್ಟರೂ ಬ್ಲೈಂಡ್ ಬರುತ್ತದೆ. ಬ್ಲೈಂಡಿನಲ್ಲಿ ಎಲೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಆಗಲೂ ಅವನೇ ಗೆಲ್ಲುತ್ತಾನೆ. ಎಲೆ ಇರುವವರೆಗೆ ಅವನಿಗೆ ಬಾಗಿಲು ತೆರೆದೇ ಇರುತ್ತದೆ. ನಾನು ಇಷ್ಟು ಹೊತ್ತು ಬಿಟ್ಟದ್ದು ಎಲೆಗಳನ್ನು. ಬಿಡಬೇಕಾದದ್ದು ಬಿಲ್ಲೆಗಳನ್ನು.

ಎರಡೂ ಕೈಯಿಂದ ರಾಶಿಯನ್ನು ಪೂರ್ತಿ ನಡುವೆ ನೂಕಿದೆ.

ಸತೀಶ ರಾಶಿಯನ್ನೂ ನನ್ನನ್ನೂ ನೋಡಿದ. “ಪೂರ್ತಿಯಾ?”

“ಪೂರ್ತಿ. ಈಗ ಎಲೆ ಬಿಟ್ಟುಬಿಡ್ತೆ. ಬಿಲ್ಲೆ ನಿಮ್ದು. ಹಾಂಗೆ ಮಾಡೂಕೆ ಬತ್ತದಲ್ಲ ಹುಲಿಯಾ?”

“ಬತ್ತದೆ. ಯಾರೂ ಮಾಡೂದಿಲ್ಲ. ಬ್ಲೈಂಡಲ್ಲಿ ಹೋದದ್ದಾದ್ರೆ ಬಿಡೂಕೆ ಬರೂದಿಲ್ಲ, ನೀವಾಗೇ ನೂಕಿದ್ದಾದ್ರೆ ಬತ್ತದೆ,” ಎಂದ ಹುಲಿಯಾ. ಎಲೆ ಎಳೆದುಕೊಳ್ಳಲು ಅವನ ಕೈ ಮಾತ್ರ ಮುಂದೆ ಬರಲಿಲ್ಲ. “ಬಾಯೋರೇ, ಈ ಸಲ ನಂಗೆ ಧೈರ್ಯ ಇಲ್ಲ. ನೀವೇ ತೆಗೀರಿ.”

ನಾನು ಮುಟ್ಟುವಂತಿರಲಿಲ್ಲ. ಮನಿಷಾ ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಭುಜದ ಪಕ್ಕದಿಂದ ಕೈ ಚಾಚಿ ಆ ಎರಡು ಎಲೆಗಳನ್ನು ಹಿಡಿದಳು.

“ಬ್ಯಾಡ್ವೇ, ನಿನ್ನ ಮಾತು ಮುರೀತದೆ,” ಎಂದೆ.

“ಮುರೀಲಿ. ಸಿಟ್ಟು ಬಂದ್ರೆ ನನ್ ಮೇಲೆ ಮಾಡ್ಲಿ. ಹನ್ನೊಂದು ವರ್ಷ ಆ ಸಿಟ್ಟು ಕಂಡವ್ಳು ನಾನು. ಒಂದು ಚಾ ಕುಡಿಯೋವರೆಗೂ ಇರ್ತಿರ್ಲಿಲ್ಲ.” ಎಲೆಗಳನ್ನು ಬಿಚ್ಚದೆ, ನೋಡದೆ, ಬಿಟ್ಟ ಎಲೆಗಳ ಗುಡ್ಡೆಯೊಳಗೆ ತುರುಕಿ ಕಲಸಿಬಿಟ್ಟಳು.

ನಾನು ಗೋಡೆಯ ಕಡೆ ತಿರುಗದೆ, ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದೆ: “ಏಳು ರಾಮು. ಸಾಕು.”

ನಡುವಿನ ರಾಶಿಗೆ ಸತೀಶ ಕೈ ಹಾಕಲಿಲ್ಲ. “ನಂಗೆ ಬ್ಯಾಡ,” ಎಂದ.

“ತಕ್ಕೊಳ್ಳಿ,” ಎಂದಳು ಮನಿಷಾ. “ನೀವು ತಕ್ಕೊಳ್ಳದಿದ್ರೆ ಅವ್ರು ಏಳೂದು ಹ್ಯಾಂಗೆ?”

ಅವನು ಎರಡೂ ಕೈಯಿಂದ, ತೀರ್ಥ ತೆಗೆದುಕೊಳ್ಳುವವನ ಹಾಗೆ ಬಗ್ಗಿ, ಬಿಲ್ಲೆಗಳನ್ನು ತನ್ನ ಕಡೆ ಎಳೆದುಕೊಂಡ. ನಾನು ಎದ್ದೆ. ಹಿಂದಿನ ಭಾರ ಇಳಿಯಿತೋ ಇಲ್ಲವೋ ತಿಳಿಯಲಿಲ್ಲ. ಕಾಲು ಜೋಮು ಹಿಡಿದು ನನ್ನದೇ ಭಾರ ಗೊತ್ತಾಗುತ್ತಿರಲಿಲ್ಲ. ಸೋಪಿನ ವಾಸನೆ ಇನ್ನೂ ಇತ್ತು. ಮೆಟ್ಟಿಲಿನ ಅರ್ಧದವರೆಗೂ ಇತ್ತು.

ಕಾರವಾರದ ಬಸ್ಸು ಖಾಲಿಯಾಗಿ ಬಂತು. ಮೂರು ಜನರ ಸೀಟಿನಲ್ಲಿ ಮನಿಷಾ ಕಿಟಕಿಯ ಬಳಿ ಕೂತಳು, ನಾನು ಈಚೆ ತುದಿಗೆ. ಯಾರೂ ಏನೂ ಹೇಳಿಕೊಳ್ಳದೆ ನಡುವೆ ಜಾಗ ಬಿಟ್ಟಿದ್ದೆವು. ಅದು ನಮಗೆ ತಿಳಿದದ್ದು ಬಸ್ಸು ತುಂಬಿದ ಮೇಲೆ, ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಮರಳುತ್ತಿದ್ದ ಒಬ್ಬ ಹೆಂಗಸು ಕಂಬಿ ಹಿಡಿದು ನಿಂತು ಕೇಳಿದಾಗ.

“ಬಾಯೀ, ನಡುವೆ ಯಾರಾರೂ ಇದ್ದಾರಾ?”

ನಾನು ಮನಿಷಾಳನ್ನು ನೋಡಿದೆ. ಅವಳು ಆ ಜಾಗವನ್ನು ನೋಡಿದಳು. ರೆಕ್ಸಿನ್ನು ಹರಿದ ಬರೀ ಸೀಟು. ಅವಳು ಅದರ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದು, ತೆಗೆದಳು.

“ಇಲ್ಲ,” ಎಂದಳು. “ಕೂತ್ಕೊಳ್ಳಿ.”